ಮೊದಲ ಸಲ ಗ್ರಾಮಸಭೆಗೆ ಹೋಗುವವರಿಗೆ

ನಿಮಗೆ ಹದಿನೆಂಟು ತುಂಬಿ ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಬಂದಿದ್ದರೆ, ನೀವು ಆಗಲೇ ಒಂದು ಸಭೆಯ ಸದಸ್ಯರು. ಅದಕ್ಕೆ ಅರ್ಜಿ ಹಾಕಬೇಕಿಲ್ಲ, ಶುಲ್ಕ ಕಟ್ಟಬೇಕಿಲ್ಲ, ಯಾರ ಶಿಫಾರಸೂ ಬೇಕಿಲ್ಲ. ಅದು ಗ್ರಾಮಸಭೆ. ಮಧುಗಿರಿ ಉಪವಿಭಾಗದ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ನಿಮ್ಮ ಊರು ಯಾವುದೇ ಇರಲಿ, ಈ ಮಾತುಗಳು ನಿಮಗಾಗಿ. ಯಾವ ಯೋಜನೆಗೆ ಎಷ್ಟು ಅನುದಾನ ಎಂಬುದನ್ನು ನಾನಿಲ್ಲಿ ವಿವರಿಸುವುದಿಲ್ಲ. ಹತ್ತಾರು ಮನೆಗಳ ಜನ ಒಂದೆಡೆ ಕುಳಿತಾಗ ಮಾತನ್ನು ಯಾರು ನಡೆಸಬೇಕು, ನಿಮ್ಮ ಮಾತಿನ ಜೊತೆ ನಿಮ್ಮ ಹೆಸರು ಇರಬೇಕೇ, ಸಿಟ್ಟು ಬಂದಾಗ ಹೇಗೆ ಕೇಳಬೇಕು ಎಂಬುದನ್ನಷ್ಟೇ ನಿಧಾನವಾಗಿ ನೋಡೋಣ.

ಮೊದಲು ತಳಪಾಯ. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದೇ ವರ್ಷ ಕರ್ನಾಟಕ ತನ್ನ ಪಂಚಾಯತ್ ರಾಜ್ ಕಾನೂನನ್ನು ಮಾಡಿತು. ಅದಕ್ಕೂ ಹತ್ತು ವರ್ಷ ಮೊದಲೇ, 1983ರಲ್ಲಿ, ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ರಾಜ್ಯದಲ್ಲಿ ಅಧಿಕಾರ ವಿಕೇಂದ್ರೀಕರಣದ ಕಾನೂನು ರೂಪುಗೊಂಡಿತ್ತು. ಇಂದಿನ ವ್ಯವಸ್ಥೆಯಲ್ಲಿ ಜನರ ಸಭೆಗಳಿಗೆ ಮೆಟ್ಟಿಲುಗಳಿವೆ. ನಿಮ್ಮ ವಾರ್ಡಿನ ಮತದಾರರು ಸೇರುವುದು ವಾರ್ಡ್ ಸಭೆ, ಇಡೀ ಪಂಚಾಯಿತಿಯ ಮತದಾರರು ಸೇರುವುದು ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ಇವು ನಡೆಯಬೇಕು. ಸಭೆ ಮಾನ್ಯವಾಗಲು ಇಂತಿಷ್ಟು ಜನ ಹಾಜರಿರಬೇಕೆಂಬ ನಿಯಮಕ್ಕೆ ಕೋರಂ ಎನ್ನುತ್ತಾರೆ. ಹೊಸಬರು ವಾರ್ಡ್ ಸಭೆಯಿಂದ ಶುರು ಮಾಡುವುದು ಒಳ್ಳೆಯದು. ಅಲ್ಲಿ ಮುಖಗಳು ಪರಿಚಿತ, ಮಾತು ಬೇಗ ಬಾಯಿಗೆ ಬರುತ್ತದೆ.

ಇನ್ನು ಸಭೆ ನಡೆಸುವವರು. ಗ್ರಾಮಸಭೆಗೆ ಪಂಚಾಯಿತಿಯ ಅಧ್ಯಕ್ಷರದೇ ಅಧ್ಯಕ್ಷತೆ. ಇಲ್ಲೊಂದು ತೊಡಕಿದೆ. ಪ್ರಶ್ನೆಗೆ ಉತ್ತರ ಕೊಡಬೇಕಾದವರೇ ಪ್ರಶ್ನೆ ಕೇಳುವ ಸರದಿಯನ್ನೂ ನಿರ್ಧರಿಸುತ್ತಾರೆ. ಇದನ್ನು ಸರಿತೂಗಿಸಲು ಬೇರೆ ಇಲಾಖೆಯ ಒಬ್ಬ ಅಧಿಕಾರಿಯನ್ನು ಸಭೆಗೆ ನೇಮಿಸುತ್ತಾರೆ. ಅವರಿಗೆ ನೋಡಲ್ ಅಧಿಕಾರಿ ಎಂದು ಹೆಸರು. ಸಭೆ ಕ್ರಮವಾಗಿ ನಡೆಯುವಂತೆ ನೋಡಿಕೊಳ್ಳುವುದು ಅವರ ಕೆಲಸ. ಉದ್ಯೋಗ ಖಾತರಿ ಕಾಮಗಾರಿಗಳ ಸಾಮಾಜಿಕ ಪರಿಶೋಧನೆಯಲ್ಲಿ, ಅಂದರೆ ಖರ್ಚುವೆಚ್ಚವನ್ನು ಜನರ ಮುಂದೆ ಓದಿ ತಾಳೆ ನೋಡುವ ಕ್ರಮದಲ್ಲಿ, ಈ ಎಚ್ಚರ ಇನ್ನೂ ಗಟ್ಟಿಯಾಯಿತು. ಕೆಲಸ ಮಾಡಿಸಿದವರು ಪರಿಶೋಧನೆಯಲ್ಲಿ ಕೈಯಾಡಿಸಬಾರದು ಎಂದು 2011ರ ಕೇಂದ್ರ ನಿಯಮಗಳು ಹೇಳಿದವು.

ಸಭೆ ನಡೆಸುವವರಿಗೆ ಮಾತನ್ನು ನಿಲ್ಲಿಸುವ ಅಧಿಕಾರವಿದೆ. ಒಬ್ಬರೇ ಅರ್ಧ ಗಂಟೆ ಮಾತಾಡಿದರೆ, ವಿಷಯ ಬಿಟ್ಟು ಹಳೆಯ ದ್ವೇಷ ತೆಗೆದರೆ, ಬೈದರೆ, ನಿಲ್ಲಿಸಲೇಬೇಕು. ಆದರೆ ಪ್ರಶ್ನೆ ಕಹಿಯಾಗಿದೆ ಎಂಬ ಕಾರಣಕ್ಕೆ ನಿಲ್ಲಿಸಿದರೆ ಅದು ಸಭೆ ನಡೆಸುವುದಲ್ಲ, ಬಾಯಿ ಮುಚ್ಚಿಸುವುದು. ಎರಡರ ವ್ಯತ್ಯಾಸ ತಿಳಿಯಲು ಒಂದನ್ನು ಗಮನಿಸಿ: ತಮ್ಮ ಕಡೆಯವರು ಇದೇ ರೀತಿ ಮಾತಾಡಿದಾಗಲೂ ಅವರು ತಡೆಯುತ್ತಾರೆಯೇ? ತಡೆದರೆ ಅವರನ್ನು ನಂಬಿ. ಹಿಂದೆ ನಿಂತವರನ್ನು, ಅದರಲ್ಲೂ ಹೆಂಗಸರನ್ನು, ಹೆಸರು ಹಿಡಿದು ಕರೆದು ಮಾತಾಡಿಸುವುದೂ ಅವರ ಕರ್ತವ್ಯವೇ. ಗ್ರಾಮಸಭೆಗೆ ಮೊದಲು ಮಹಿಳಾ ಗ್ರಾಮಸಭೆ ನಡೆಸುವ ಪದ್ಧತಿ ಇರುವುದು ಇದಕ್ಕಾಗಿ. ಪಾವಗಡದಂಥ ಗಡಿ ತಾಲ್ಲೂಕಿನಲ್ಲಿ ಮನೆಮಾತು ತೆಲುಗು ಆಗಿರುವ ಅನೇಕರಿದ್ದಾರೆ. ಅವರು ತಮ್ಮ ಮಾತಿನಲ್ಲೇ ಹೇಳಲಿ, ಬಲ್ಲವರೊಬ್ಬರು ಕನ್ನಡದಲ್ಲಿ ಬರೆದುಕೊಳ್ಳಲಿ. ಭಾಷೆಯ ಸಂಕೋಚದಿಂದ ಒಬ್ಬರ ಅಹವಾಲು ನುಂಗಿಹೋಗಬಾರದು.

ಈಗ ಹೆಸರಿನ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಪಂಚಾಯಿತಿ ಚುನಾವಣೆಯಲ್ಲಿ ನೀವು ಹಾಕುವ ಮತ ಗುಟ್ಟಿನದು. ಯಾರಿಗೆ ಹಾಕಿದಿರಿ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಹಾಗಾದರೆ ದೂರಿನಲ್ಲೂ ಹೆಸರು ಮುಚ್ಚಿಡಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ನಮ್ಮ ಕಚೇರಿಗಳಿಗೆ ಅಂಥ ಕಾಗದಗಳು ಬರುತ್ತಲೇ ಇರುತ್ತವೆ. ಹೆಸರು, ವಿಳಾಸ, ಸಹಿ ಯಾವುದೂ ಇಲ್ಲದ ಆ ದೂರಿಗೆ ಮೂಗರ್ಜಿ ಎನ್ನುತ್ತಾರೆ. ಆದರೆ ಮತಕ್ಕೂ ಮೂಗರ್ಜಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಗುಟ್ಟಿನ ಮತ ಯಾರ ಮೇಲೂ ಅಪವಾದ ಹೊರಿಸುವುದಿಲ್ಲ. ದೂರಿನಲ್ಲಿ ಇನ್ನೊಬ್ಬರ ಹೆಸರಿರುತ್ತದೆ. ಅವರ ಹೆಸರನ್ನು ಬಯಲಿಗಿಟ್ಟು ನಮ್ಮದನ್ನು ಮುಚ್ಚಿಟ್ಟರೆ, ಸುಳ್ಳು ಹೇಳಿದವರನ್ನು ಮರಳಿ ಪ್ರಶ್ನಿಸಲು ದಾರಿಯೇ ಇರುವುದಿಲ್ಲ. ಅದಕ್ಕೇ ಕೇಂದ್ರ ಜಾಗೃತ ಆಯೋಗ 1999ರಲ್ಲಿ, ಹೆಸರಿಲ್ಲದ ದೂರುಗಳ ಮೇಲೆ ಕ್ರಮ ಕೈಗೊಳ್ಳಬೇಡಿ ಎಂದು ಕೇಂದ್ರದ ಇಲಾಖೆಗಳಿಗೆ ಸೂಚಿಸಿತು. ನಮ್ಮ ರಾಜ್ಯದ 1984ರ ಲೋಕಾಯುಕ್ತ ಕಾಯ್ದೆಯೂ ದೂರಿನ ಜೊತೆ ಪ್ರಮಾಣಪತ್ರ ಕೇಳುತ್ತದೆ.

ಇಷ್ಟಕ್ಕೇ ನಿಲ್ಲಿಸಿ, ಧೈರ್ಯವಿದ್ದರೆ ಹೆಸರು ಬರೆಯಿರಿ ಎಂದುಬಿಡುವುದು ಸುಲಭ. ನಾನು ಹಾಗೆ ಹೇಳಲಾರೆ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯಲ್ಲಿ ಸೌರ ಪಾರ್ಕ್ ಬಂದಿದೆ. ಭೂಮಿಯನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ವರ್ಷದ ಗುತ್ತಿಗೆ ಹಣ ಜಮೀನು ಇದ್ದವರಿಗೆ ಬರುತ್ತದೆ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಜಮೀನಿಲ್ಲದ ಕುಟುಂಬಗಳ ಕೆಲಸ ಕೈತಪ್ಪಿತು. ಅಂಥ ಮನೆಯವರೊಬ್ಬರು ಸಭೆಯಲ್ಲಿ ಎದ್ದು ನಮ್ಮ ಪಾಲೇನು ಎಂದು ಕೇಳಬೇಕಾದರೆ, ನಾಳೆ ಸಾಲಕ್ಕೋ ಕೂಲಿಗೋ ಯಾರ ಮನೆ ಬಾಗಿಲಿಗೆ ಹೋಗಬೇಕೋ ಅವರ ಎದುರೇ ಕೇಳಬೇಕು. ಮೂಗರ್ಜಿ ಹುಟ್ಟುವುದು ಇಂಥ ಕಡೆ. ಒಂದು ಊರಿನಿಂದ ಮೇಲಿಂದ ಮೇಲೆ ಮೂಗರ್ಜಿ ಬರುತ್ತಿದ್ದರೆ, ಬರೆದವರು ಯಾರೆಂದು ಹುಡುಕುವ ಮೊದಲು ಆ ಊರಿನ ಸಭೆಯಲ್ಲಿ ಮಾತಾಡಲು ಜನ ಏಕೆ ಹೆದರುತ್ತಾರೆ ಎಂದು ಕೇಳಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಹೆಸರನ್ನು ಬಯಲಿಗಿಡುವುದು, ಪೂರ್ತಿ ಮುಚ್ಚಿಡುವುದು, ಈ ಎರಡರ ನಡುವೆ ಒಂದು ದಾರಿಯಿದೆ. ಅದರ ಹಿಂದೆ ಒಂದು ನೋವಿನ ಕಥೆಯಿದೆ. ಬಿಹಾರದಲ್ಲಿ ಹೆದ್ದಾರಿ ಕಾಮಗಾರಿಯ ಅಕ್ರಮಗಳ ಬಗ್ಗೆ ಎಂಜಿನಿಯರ್ ಸತ್ಯೇಂದ್ರ ದುಬೆ ಪ್ರಧಾನಿಗೆ ಪತ್ರ ಬರೆದರು. ಹೆಸರು ತಿಳಿಸಿ, ಅದನ್ನು ಗುಟ್ಟಾಗಿಡಿ ಎಂದು ಕೋರಿದ್ದರು. ಆ ಹೆಸರು ಕಡತದಿಂದ ಕಡತಕ್ಕೆ ಹೋಗಿ ಬಯಲಾಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ಅದು ದರೋಡೆಗಾಗಿ ನಡೆದ ಕೊಲೆ ಎಂದು ಸಿಬಿಐ ಹೇಳಿತು, ಆದರೂ ಅವರ ಹೆಸರನ್ನು ಕಾಪಾಡಲಿಲ್ಲ ಎಂಬ ನೋವು ದೇಶದಲ್ಲಿ ಉಳಿಯಿತು. ಮರುವರ್ಷ ಕೇಂದ್ರ ಸರ್ಕಾರ ಒಂದು ನಿರ್ಣಯ ಹೊರಡಿಸಿತು. ಅದರಂತೆ ಕೇಂದ್ರ ಸರ್ಕಾರಿ ನೌಕರರ ವಿರುದ್ಧ ದೂರು ಕೊಡುವವರು ಜಾಗೃತ ಆಯೋಗಕ್ಕೆ ತಮ್ಮ ಹೆಸರು ತಿಳಿಸಬೇಕು, ಆಯೋಗ ಅದನ್ನು ಬಿಟ್ಟುಕೊಡಬಾರದು. ಹೆಸರು ಒಬ್ಬರಿಗೆ ಗೊತ್ತಿರುತ್ತದೆ, ಉಳಿದವರಿಗೆ ಇಲ್ಲ. ದೂರಿಗೆ ಹೊಣೆಯೂ ಇದೆ, ದೂರಿದವರಿಗೆ ರಕ್ಷೆಯೂ ಇದೆ.

ಹಳ್ಳಿಯ ಮಟ್ಟದಲ್ಲಿ ನೀವು ಮಾಡಬಹುದಾದದ್ದೂ ಇದೆ. ಒಬ್ಬರೇ ಹೆಸರು ಹಾಕಲು ಭಯವಾದರೆ ಸ್ತ್ರೀಶಕ್ತಿ ಸಂಘದವರೋ ಬೀದಿಯವರೋ ಒಟ್ಟಾಗಿ ಸಹಿ ಹಾಕಿ. ಇಪ್ಪತ್ತು ಸಹಿಗಳ ಅರ್ಜಿಯಲ್ಲಿ ಯಾರೊಬ್ಬರ ಮೇಲೂ ಕಣ್ಣು ಬೀಳುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ದಾಖಲೆ ಕೇಳಿದರೆ ಏಕೆ ಬೇಕು ಎಂದು ಕಾರಣ ಹೇಳಬೇಕಿಲ್ಲ. ದಾಖಲೆ ಕೈಯಲ್ಲಿದ್ದರೆ ದೂರು ನಿಮ್ಮ ಮಾತಿನ ಮೇಲೆ ನಿಲ್ಲುವುದಿಲ್ಲ, ಕಾಗದದ ಮೇಲೆ ನಿಲ್ಲುತ್ತದೆ.

ಮಾತಿನ ಮರ್ಯಾದೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅದನ್ನು ನಿಮ್ಮ ಮನೆಯವರು ಕಲಿಸಿದ್ದಾರೆ. ಸಭೆಗೆ ಬೇಕಾದ ಒಂದೆರಡನ್ನು ಮಾತ್ರ ಸೇರಿಸುತ್ತೇನೆ. ಎದುರಾಳಿಯ ಕಡೆ ತಿರುಗಿ ಮಾತಾಡಬೇಡಿ, ಅಧ್ಯಕ್ಷರನ್ನು ಉದ್ದೇಶಿಸಿ ಮಾತಾಡಿ. "ನೀವೆಲ್ಲ ತಿಂದುಹಾಕಿದ್ದೀರಿ" ಎಂದರೆ ಉತ್ತರವಾಗಿ ಬರುವುದು ಜಗಳ. "ಅಧ್ಯಕ್ಷರೇ, ನಮ್ಮ ಬೀದಿಯ ಕೊಳವೆಬಾವಿ ಮೋಟಾರ್ ರಿಪೇರಿಗೆ ಈ ವರ್ಷ ಎಷ್ಟು ಖರ್ಚಾಗಿದೆ, ಬಿಲ್ಲು ಓದಿಸಿ" ಎಂದರೆ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಕಡತ ತೆರೆಯಲೇಬೇಕಾಗುತ್ತದೆ. ಎರಡನೆಯದು ಮೆತ್ತಗಿನ ಮಾತೆಂದು ತಿಳಿಯಬೇಡಿ, ಅದೇ ಹೆಚ್ಚು ಬಿಗಿಯಾದದ್ದು. ಜಾತಿ ಎತ್ತಿ ಆಡಬಾರದು. ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಜನರ ಎದುರು ಜಾತಿಯ ಹೆಸರಿನಲ್ಲಿ ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ.

ಕೊನೆಯದಾಗಿ, ಸಭೆಯಲ್ಲಿ ಏನು ನಡೆಯಿತೆಂದು ಬರೆಯುವ ದಾಖಲೆಗೆ ನಡವಳಿ ಎನ್ನುತ್ತಾರೆ. ನೀವು ಎಷ್ಟೇ ಚೆನ್ನಾಗಿ ಮಾತಾಡಿದ್ದರೂ ಅದರಲ್ಲಿ ಬರದಿದ್ದರೆ ಮೇಲಿನವರ ಪಾಲಿಗೆ ನೀವು ಮಾತಾಡಿಲ್ಲ. ಮೊದಲ ಸಲ ಸುಮ್ಮನೆ ಕುಳಿತು ಕೇಳಿಸಿಕೊಂಡು ಬಂದರೂ ತಪ್ಪಿಲ್ಲ. ಆದರೆ ಸಭೆ ಮುಗಿಯುವ ಮೊದಲು ನಡವಳಿಯನ್ನು ಗಟ್ಟಿಯಾಗಿ ಓದಿಸಿ, ಖಾಲಿ ಹಾಳೆಗೆ ಮಾತ್ರ ಸಹಿ ಹಾಕಬೇಡಿ.