ಮೂರೂವರೆ ವರ್ಷದವಳಿಗೆ ಒಂದು ವರ್ಷದ ಪ್ಯಾಕೇಜು

ಮೂರೂವರೆ ವರ್ಷದ ಮಗುವಿಗೆ ಇವತ್ತು ಬೇಕಾದದ್ದು ನಾಳೆ ಬೇಡ. ಹಾಗಿದ್ದೂ ಬೆಂಗಳೂರಿನಲ್ಲಿ ಆ ವಯಸ್ಸಿನವರ ಕ್ಲಾಸುಗಳು ಬಿಕರಿಯಾಗುವುದು ಆರು ತಿಂಗಳು, ವರ್ಷದ ಲೆಕ್ಕದಲ್ಲಿ. ಪ್ಲೇಸ್ಕೂಲಿನಿಂದ ಬಂದ ಮೇಲಿನ ಉದ್ದುದ್ದ ಸಂಜೆಗಳಿಗೆ ಮಗಳಿಗೆ ಏನಾದರೂ ಬೇಕೆಂದು ಬನಶಂಕರಿ, ಜಯನಗರದ ಸುತ್ತ ವಿಚಾರಿಸಿದೆ. ಜಿಮ್ನಾಸ್ಟಿಕ್ಸು, ಫೋನಿಕ್ಸು, ಅಬ್ಯಾಕಸ್ಸು, ಜತೆಗೆ ‘ಬ್ರೇನ್ ಡೆವಲಪ್‌ಮೆಂಟು’. ಕೊನೆಯದರಲ್ಲಿ ಏನು ಕಲಿಸುತ್ತೀರಿ ಎಂದರೆ ಕೌಂಟರಿನಲ್ಲಿದ್ದ ಹುಡುಗಿಗೆ ಹೇಳಲು ಬರಲಿಲ್ಲ. ಫೀಸು ಮಾತ್ರ ಬಾಯಿಪಾಠವಾಗಿತ್ತು.

ಈ ವ್ಯವಹಾರದಲ್ಲಿ ನಾನು ನಂಬುವ ಲೆಕ್ಕ ಒಂದೇ: ಮಗು ನಿಜವಾಗಿ ಹೋದ ಒಂದೊಂದು ಕ್ಲಾಸಿಗೆ ಎಷ್ಟು ಬಿತ್ತು? ಆರು ತಿಂಗಳ ಪ್ಯಾಕೇಜಿಗೆ 18,000 ರೂಪಾಯಿ, ವಾರಕ್ಕೆರಡು ಕ್ಲಾಸು ಎಂದುಕೊಳ್ಳಿ. ಶೇ 18 ಜಿಎಸ್‌ಟಿ ಸೇರಿದರೆ 21,240. ಕಾಗದದ ಮೇಲೆ 52 ಕ್ಲಾಸು, ಒಂದಕ್ಕೆ 408 ರೂಪಾಯಿ. ಆದರೆ ಆರು ತಿಂಗಳಲ್ಲಿ ನೆಗಡಿ, ಜ್ವರ, ಊರಿನ ಜಾತ್ರೆ, ಅತ್ತಿಗೆಯ ಸೀಮಂತ, ಬಾಗಿಲಲ್ಲೇ ರಚ್ಚೆ ಹಿಡಿದು ವಾಪಸು ಬಂದ ದಿನ ಎಲ್ಲ ಇರುತ್ತವೆ. 30 ಕ್ಲಾಸಿಗೆ ಹೋದರೆ ಒಂದಕ್ಕೆ 708. ಇದಕ್ಕೆ ಹೋಗಿಬರುವ ಆಟೊ ಸೇರಿಸಿ. ಹೊರಗೆ ಮುಕ್ಕಾಲು ಗಂಟೆ ಕಾಯುವ ತಾಯಿ ಕುಡಿದ ಕಾಫಿ, ಹೊರಟಾಗ ಮಗು ಹಟ ಹಿಡಿದು ಕೊಡಿಸಿಕೊಂಡ ಪಫ್ಸು ಯಾವ ಕರಪತ್ರದಲ್ಲೂ ಇರುವುದಿಲ್ಲ. ನಮ್ಮತ್ತೆ ಇಷ್ಟೆಲ್ಲ ಕೂಡಿ ಕಳೆಯದೆಯೇ ತೀರ್ಪು ಕೊಟ್ಟಿದ್ದರು: ‘ಕುಪ್ಪಳಿಸೋದನ್ನ ದುಡ್ಡು ಕೊಟ್ಟು ಕಲಿಸಬೇಕೇನಮ್ಮಾ? ದಿನಾ ಮಂಚದ ಮೇಲೆ ಅವಳು ಮಾಡೋದು ಇನ್ನೇನು?’

ಹಿಂದಿನ ಬೀದಿಯಲ್ಲಿ ಮನೆಯಲ್ಲೇ ಹಾಡು ಹೇಳಿಕೊಡುವ ಟೀಚರೊಬ್ಬರಿದ್ದಾರೆ. ತಿಂಗಳಿಗೆ 800 ರೂಪಾಯಿ, ಎಂಟು ಕ್ಲಾಸು. ಐದಕ್ಕೇ ಹೋದರೂ ಒಂದಕ್ಕೆ 160. ನಡೆದೇ ಹೋಗಬಹುದು, ಬೇಡವೆನಿಸಿದರೆ ಮುಂದಿನ ತಿಂಗಳು ನಿಲ್ಲಿಸಬಹುದು. ಅಲ್ಲಿ ಜಿಎಸ್‌ಟಿಯೂ ಇಲ್ಲ. ಕಲೆ, ಸಂಸ್ಕೃತಿಗೆ ಸೇರಿದ ಹವ್ಯಾಸವನ್ನು ವ್ಯಕ್ತಿಯೊಬ್ಬರು ಸ್ವಂತವಾಗಿ ಹೇಳಿಕೊಟ್ಟರೆ ತೆರಿಗೆ ವಿನಾಯಿತಿ ಇದೆ. 2022ರ ಜುಲೈ 18ರಿಂದ ಈ ವಿನಾಯಿತಿ ವ್ಯಕ್ತಿಗಳಿಗಷ್ಟೇ ಸೀಮಿತ. ಕಂಪನಿ ನಡೆಸುವ ನೃತ್ಯದ ಕ್ಲಾಸಿಗೆ ಸಿಗದು. ಹೀಗಾಗಿ ಹೊಳೆಯುವ ಬೋರ್ಡಿನ ಕೇಂದ್ರದಲ್ಲಿ ಫೀಸು ಕೇಳುವಾಗ ‘ಟ್ಯಾಕ್ಸ್ ಸೇರಿಯೋ, ಬಿಟ್ಟೋ’ ಎಂದು ಮೊದಲೇ ಕೇಳಿಬಿಡಿ.

ವರ್ಷದ್ದು ಒಟ್ಟಿಗೆ ಕಟ್ಟಿದರೆ ಶೇ 20 ರಿಯಾಯಿತಿ ಎನ್ನುವುದು ಇನ್ನೊಂದು ಆಮಿಷ. ತಿಂಗಳು ತಿಂಗಳು ಕಟ್ಟುವುದಕ್ಕಿಂತ ಅದು ಅಗ್ಗವಾಗಬೇಕಾದರೆ ಮಗು ಹತ್ತು ತಿಂಗಳಾದರೂ ಬಿಡದೆ ಹೋಗಬೇಕು. ಆರನೇ ತಿಂಗಳಿಗೆ ಬಿಟ್ಟರೆ ಉಳಿತಾಯ ಹಾಗಿರಲಿ, ಹೆಚ್ಚೇ ತೆತ್ತಂತೆ. ಮುಂಗಡ ಕೊಟ್ಟ ಹಣವೆಂದರೆ ಆ ಕೇಂದ್ರಕ್ಕೆ ನಾವು ಕೊಟ್ಟ ಬಡ್ಡಿಯಿಲ್ಲದ ಕೈಸಾಲ. ಕೈಯಲ್ಲಿ ಅಷ್ಟು ಹಣವಿಲ್ಲ ಎಂದರೆ ‘ನೋ ಕಾಸ್ಟ್ ಇಎಂಐ’ ಮಾಡಿಸಿಕೊಡುವವರೂ ಇದ್ದಾರೆ. ಅದು ಕಂತಿನ ಫೀಸಲ್ಲ, ಹಣಕಾಸು ಕಂಪನಿಯಲ್ಲಿ ನಿಮ್ಮ ಹೆಸರಿನ ಸಾಲ. ಮಗು ಕ್ಲಾಸು ಬಿಟ್ಟರೂ ಕಂತು ಬಿಡುವುದಿಲ್ಲ, ತಪ್ಪಿದರೆ ಸಿಬಿಲ್ ಸ್ಕೋರು ಬೀಳುತ್ತದೆ. ಈ ವಯಸ್ಸಿನ ಮಗುವಿನ ಆಟಕ್ಕೆ ಸಾಲ ಮಾಡುವುದು ಶುದ್ಧ ದಂಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ಲೇಸ್ಕೂಲಿನ ಮಾತು ಬೇರೆ. ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿ ಇರುವವರು ಅಲ್ಲಿನ ಬೋಧನಾ ಶುಲ್ಕವನ್ನು, ಇಬ್ಬರು ಮಕ್ಕಳವರೆಗೆ, ಒಂದೂವರೆ ಲಕ್ಷ ರೂಪಾಯಿಯ ಒಟ್ಟು ಮಿತಿಯೊಳಗೆ ತೋರಿಸಬಹುದು. ಪ್ಲೇಸ್ಕೂಲು, ಪ್ರಿ-ನರ್ಸರಿಯೂ ಅದರಲ್ಲಿ ಸೇರುತ್ತವೆ. ಡೊನೇಶನ್ನು, ಡೆವಲಪ್‌ಮೆಂಟ್ ಫೀಸು, ಸಂಜೆಯ ಹಾಡು ಕುಣಿತದ ಕ್ಲಾಸು ಸೇರುವುದಿಲ್ಲ. ಹೊಸ ಪದ್ಧತಿಯವರಿಗೆ ಯಾವುದೂ ಇಲ್ಲ. ಇನ್ನು ಅಂಗನವಾಡಿಯನ್ನು ಮಧ್ಯಮ ವರ್ಗದ ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 1975ರಲ್ಲಿ ಶುರುವಾದ ಆ ಯೋಜನೆಯಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ಹಾಡು, ಕಥೆ, ಆಟದ ಶಾಲಾಪೂರ್ವ ಶಿಕ್ಷಣವೂ ಊಟವೂ ಉಚಿತ. ಒಮ್ಮೆ ಒಳಗೆ ಹೋಗಿ ನೋಡಿ ಆಮೇಲೆ ಬೇಡವೆನ್ನಬಹುದಲ್ಲ?

ನಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದು ಎರಡೇ. ವಾರದಲ್ಲಿ ಎರಡು ಸಂಜೆ ಹಾಡಿನ ಟೀಚರ್ ಮನೆ. ರಜೆಯ ದಿನ ಕಬ್ಬನ್ ಪಾರ್ಕಿಗೆ ಹೋಗಿ ಬಿದಿರು ಮೆಳೆಯ ಸುತ್ತ ಓಡಾಟ, ಅಲ್ಲೇ ಇರುವ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯದಲ್ಲಿ ಚಿತ್ರದ ಪುಸ್ತಕ. ಮಗಳು ರಾಗ ಗುರುತಿಸುತ್ತಾಳೆಂದು ನಾನು ಹೇಳುತ್ತಿಲ್ಲ. ಸಂಜೆಯಾದರೆ ಚಪ್ಪಲಿ ಹಾಕಿಕೊಂಡು ತಾನೇ ಬಾಗಿಲಲ್ಲಿ ನಿಲ್ಲುತ್ತಾಳೆ. ಆ ಫೀಸಿಗೆ ಅಷ್ಟು ಸಾಕು.

ನಮ್ಮ ಅಪಾರ್ಟ್‌ಮೆಂಟಿನಲ್ಲೇ ಒಬ್ಬರು ವರ್ಷದ ಫೀಸು ಕಟ್ಟಿದ ಎರಡನೇ ತಿಂಗಳಿಗೆ ಕಲಿಸುವವರು ಕೆಲಸ ಬಿಟ್ಟರು, ಬ್ಯಾಚು ನಿಂತಿತು. ಹಣದ ಬದಲು ‘ಬೇರೆ ಬ್ರಾಂಚಿಗೆ ಬನ್ನಿ’ ಎಂಬ ಉತ್ತರ ಬಂತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವೆಯಲ್ಲಿ ಕೊರತೆಯಾದರೆ ರಶೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ಹಣ ಮರಳಿಸಬೇಕು; ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಆದರೆ ಮಗುವಿಗೆ ಬೇಜಾರಾಯಿತು ಎಂಬುದು ಸೇವೆಯ ಕೊರತೆಯಲ್ಲ, ಅಲ್ಲಿ ಕಾನೂನು ನೆರವಿಗೆ ಬಾರದು. ಆದ್ದರಿಂದ ನೋಂದಣಿ ಶುಲ್ಕ, ಕಿಟ್ಟು, ವಾರ್ಷಿಕೋತ್ಸವದ ಬಟ್ಟೆ ಬಾಡಿಗೆ, ನಡುವೆ ಬಿಟ್ಟರೆ ಎಷ್ಟು ವಾಪಸು, ಇಷ್ಟನ್ನೂ ಹಣ ಕೊಡುವ ಮುನ್ನ ಬರವಣಿಗೆಯಲ್ಲಿ ಕೇಳಿ, ರಶೀದಿ ಇಟ್ಟುಕೊಳ್ಳಿ. ಜಗಳವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.