ಸೊಂಟದ ಸನ್ನೆಕೋಲು: ಸಯಾಟಿಕಾ ನೋವೂ ಭೌತಚಿಕಿತ್ಸೆಯೂ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯು ಏಷ್ಯಾ ಖಂಡದಲ್ಲಿಯೇ ದೊಡ್ಡದೆಂದು ಹೆಸರಾದುದು. ಬೆಳಗಿನ ಹೊತ್ತಿಗೆ ಗೂಡಿನ ಮೂಟೆಗಳು ಅಲ್ಲಿ ವಾಹನಗಳಿಂದ ಇಳಿಯುತ್ತವೆ. ಹರಾಜು ಮುಗಿದ ಮೇಲೆ ಮತ್ತೆ ವಾಹನಗಳನ್ನೇರುತ್ತವೆ. ಇಳಿಸುವುದೂ ಏರಿಸುವುದೂ ಮನುಷ್ಯರ ಬೆನ್ನಿನ ಕೆಲಸ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಕುಶಲಿಯು ಹಾಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಅರಗಿನ ಬಣ್ಣವನ್ನು ಹತ್ತಿಸುತ್ತ, ಗಂಟೆಗಟ್ಟಲೆ ಮುಂದಕ್ಕೆ ಬಾಗಿಯೇ ಇರುತ್ತಾನೆ. ಕನಕಪುರದ ಕಡೆ ಹಿಪ್ಪುನೇರಳೆ ಸೊಪ್ಪಿನ ಹೊರೆ, ಬಂಡೆಯ ಕೆಲಸ. ಮಾಗಡಿಯ ರಾಗಿ ಹೊಲಗಳಲ್ಲಿ ಬಗ್ಗಿ ಕಳೆ ಕೀಳುವುದು, ಬಗ್ಗಿ ಕೊಯ್ಯುವುದು. ಈ ನಾಲ್ಕು ತಾಲ್ಲೂಕುಗಳ ಕಸುಬುಗಳು ಬೇರೆ ಬೇರೆ. ಆದರೆ ಸಂಜೆಯಾದ ಮೇಲೆ ಕೈ ಹೋಗುವ ಜಾಗ ಒಂದೇ, ಸೊಂಟ.

ಬರಿಯ ಸೊಂಟನೋವಾದರೆ ಜನರು ಎಣ್ಣೆ ಹಚ್ಚಿ, ಬಿಸಿನೀರು ಹೊಯ್ದುಕೊಂಡು ಸಹಿಸುತ್ತಾರೆ. ನೋವು ಪಿರ್ರೆಯಿಂದ ಹೊರಟು ತೊಡೆಯ ಹಿಂಭಾಗದಲ್ಲಿ ಇಳಿದು, ಮೀನಖಂಡವನ್ನು ದಾಟಿ ಪಾದಕ್ಕೆ ಹೊಡೆಯತೊಡಗಿದಾಗ ಮಾತ್ರ ಭಯ ಹುಟ್ಟುತ್ತದೆ. ಕಾಲೇ ಬಿದ್ದುಹೋಗುವುದೋ ಏನೋ ಎಂಬುದು ಒಂದು ಭಯ. ಶಸ್ತ್ರಚಿಕಿತ್ಸೆ ಆಗಲೇಬೇಕೇನೋ ಎಂಬುದು ಇನ್ನೊಂದು. ದಿನಗೂಲಿಯವನು ಒಂದು ತಿಂಗಳು ಹಾಸಿಗೆ ಹಿಡಿದರೆ ಮನೆಯ ಒಲೆ ಹೇಗೆ ಉರಿಯಬೇಕು? ಈ ಎರಡು ಭಯಗಳ ನಡುವೆ ಸಿಕ್ಕಿದವನು ಉಳುಕು ತೆಗೆಯುವವರ ಬಳಿಗೆ ಹೋಗುವುದೂ ಉಂಟು. ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಂಡರೆ ಉಳುಕು ಬಿಡುವುದೆಂಬ ನಂಬಿಕೆಯನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿಯೇ ಇರಬಹುದು. ಪ್ರೌಢಶಾಲೆಯಲ್ಲಿ ಕಲಿತ ಸನ್ನೆಕೋಲಿನ ನಿಯಮವನ್ನು ಹಿಡಿದುಕೊಂಡು ಈ ನೋವನ್ನು ಎಷ್ಟರಮಟ್ಟಿಗೆ ಅರಿಯಬಹುದೆಂಬುದನ್ನು ನಾವಿಲ್ಲಿ ನೋಡೋಣ.

ನೋವಿನ ಪರಿಚಯ ಹಳೆಯದು. ಚರಕಸಂಹಿತೆಯು ವಾತವ್ಯಾಧಿಗಳ ಸಾಲಿನಲ್ಲಿ ಇದನ್ನು ‘ಗೃಧ್ರಸೀ’ ಎಂದು ಕರೆದು, ಪಿರ್ರೆಯಿಂದ ಪಾದದವರೆಗೆ ಇಳಿಯುವ ಇದರ ದಾರಿಯನ್ನು ಹೇಳಿದೆ. ಗೃಧ್ರವೆಂದರೆ ರಣಹದ್ದು, ರೋಗಿಯ ನಡಿಗೆ ಆ ಹಕ್ಕಿಯ ನಡಿಗೆಯನ್ನು ಹೋಲುವುದರಿಂದ ಈ ಹೆಸರೆಂದು ವಿವರಿಸುವುದುಂಟು. (ರಾಮನಗರದ ರಾಮದೇವರ ಬೆಟ್ಟವು 2012ರಲ್ಲಿ ರಣಹದ್ದುಗಳ ಅಭಯಧಾಮವಾಯಿತು, ಹೋಲಿಕೆ ಸರಿಯೇ ಎಂದು ನೋಡಬೇಕೆನ್ನುವವರು ದೂರ ಹೋಗಬೇಕಾಗಿಲ್ಲ!) ಇದು ನರದ ನೋವೆಂದು 1764ರಲ್ಲಿ ಸ್ಪಷ್ಟವಾಗಿ ಬರೆದವನು ಇಟಲಿಯ ಕೊತುನ್ಯೋ. ಆ ನರವನ್ನು ಹೆಚ್ಚಾಗಿ ಪೀಡಿಸುವುದು ಬೆನ್ನುಮೂಳೆಗಳ ನಡುವಿನಿಂದ ಹೊರಚಾಚಿದ ಬಿಲ್ಲೆ ಎಂದು ವೈದ್ಯಲೋಕವು ಒಪ್ಪಿದ್ದು, ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು 1934ರಲ್ಲಿ ಪ್ರಕಟಿಸಿದ ಲೇಖನದ ಮೇಲೆ.

ಆ ಬಿಲ್ಲೆ ಎಂತಹುದು? ಬೆನ್ನುಮೂಳೆಯು ಒಂದೇ ಮೂಳೆಯಲ್ಲ. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಹೀಗೆ ಬಿಡಿಬಿಡಿ ಮೂಳೆಗಳು ಒಂದರ ಮೇಲೊಂದು ನಿಂತು, ಕೆಳಗೆ ತ್ರಿಕಾಸ್ಥಿಯ ಮೇಲೆ ಕುಳಿತಿವೆ. ಅವುಗಳ ನಡುವೆ 23 ಬಿಲ್ಲೆಗಳಿವೆ. ಒಂದೊಂದು ಬಿಲ್ಲೆಯ ಹೊರಭಾಗವೂ ಈರುಳ್ಳಿಯಂತೆ ಪದರ ಪದರವಾದ ಗಟ್ಟಿ ನಾರು. ಒಂದು ಪದರದ ಎಳೆಗಳು ಮುಂದಿನದರ ಎಳೆಗಳಿಗೆ ಅಡ್ಡವಾಗಿ ಓರೆಯಾಗಿರುತ್ತವೆ. ಒಳಗಿನ ತಿರುಳು ನೀರಿನಿಂದ ತುಂಬಿದ ಲೋಳೆಯಂತಹ ವಸ್ತು. ದ್ರವದ ಮೇಲೆ ಬಿದ್ದ ಒತ್ತಡವು ಎಲ್ಲ ದಿಕ್ಕಿಗೂ ಸಮನಾಗಿ ಹರಡುವುದೆಂಬ ಪಾಸ್ಕಲನ ನಿಯಮವನ್ನು ನೆನೆಯಿರಿ. ಮೇಲಿನಿಂದ ಬಿದ್ದ ಭಾರವನ್ನು ತಿರುಳು ಸುತ್ತಲಿನ ನಾರುಗೋಡೆಗೆ ಹಂಚುತ್ತದೆ. ಗೋಡೆಯು ಹಿಂಬದಿಯಲ್ಲಿ ತೆಳು. ಬಿರುಕು ಬಿಟ್ಟರೆ ತಿರುಳು ಹಿಂದಕ್ಕೂ ಪಕ್ಕಕ್ಕೂ ಚಾಚುವುದು ಆದುದರಿಂದಲೇ. ದುರದೃಷ್ಟವೆಂದರೆ, ನರಮೂಲಗಳು ಹೊರಡುವುದೂ ಅಲ್ಲಿಯೇ. ಸೊಂಟದ ಕೊನೆಯ ಎರಡು ಮತ್ತು ತ್ರಿಕಾಸ್ಥಿಯ ಮೊದಲ ಮೂರು ನರಮೂಲಗಳು ಸೇರಿ ದೇಹದ ಅತಿ ದಪ್ಪನೆಯ ನರವಾದ ಸಯಾಟಿಕ್ ನರವಾಗುತ್ತದೆ. ಮೂಲದಲ್ಲಿ ಒತ್ತಿದರೆ ತುದಿಯಲ್ಲಿ ನೋಯುವುದು ನರದ ಸ್ವಭಾವ. ಒತ್ತಡ ಒಂದೇ ಕಾರಣವೂ ಅಲ್ಲ. ಹೊರಬಂದ ತಿರುಳಿನ ರಾಸಾಯನಿಕಗಳು ನರಮೂಲದಲ್ಲಿ ಉರಿಯೂತವನ್ನೂ ಎಬ್ಬಿಸುತ್ತವೆ.

ಈಗ ಗಣಿತಕ್ಕೆ ಬರೋಣ. 60 ಕಿಲೋಗ್ರಾಂ ತೂಕದ ಒಬ್ಬ ಆಳು ಮೊಣಕಾಲು ಮಡಿಸದೆ, ಸೊಂಟದಿಂದ ಬಗ್ಗಿ, 20 ಕಿಲೋಗ್ರಾಂ ಮೂಟೆಯೊಂದನ್ನು ಎತ್ತುತ್ತಾನೆ ಎನ್ನಿರಿ. ಸೊಂಟದ ಕೊನೆಯ ಬಿಲ್ಲೆಯೇ ಸನ್ನೆಕೋಲಿನ ಆಧಾರಬಿಂದು. ಅದರಿಂದ ಮೇಲಿರುವ ದೇಹದ ತೂಕ ಸುಮಾರು 36 ಕಿಲೋಗ್ರಾಂ. ಅದರ ಗುರುತ್ವಕೇಂದ್ರವು ಆಧಾರದಿಂದ 25 ಸೆಂಟಿಮೀಟರ್ ಮುಂದಿದೆ. ಮೂಟೆಯು ಹೆಗಲಿನ ಕೆಳಗೆ, 40 ಸೆಂಟಿಮೀಟರ್ ಮುಂದೆ ತೂಗುತ್ತಿದೆ. ಇವೆರಡನ್ನೂ ತಡೆದು ನಿಲ್ಲಿಸಬೇಕಾದ ಬೆನ್ನಿನ ಸ್ನಾಯುವಾದರೋ ಆಧಾರದಿಂದ ಬರಿಯ 5 ಸೆಂಟಿಮೀಟರ್ ಹಿಂದಿದೆ. ಬಲವನ್ನು ದೂರದಿಂದ ಗುಣಿಸಿದರೆ, ಮುಂಭಾಗದಲ್ಲಿ 36×25 ಮತ್ತು 20×40, ಅಂದರೆ 900 ಮತ್ತು 800, ಒಟ್ಟು 1700. ಇದನ್ನು 5ರಿಂದ ಭಾಗಿಸಿರಿ. ಸ್ನಾಯುವು 340 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆಯಬೇಕು! ಆ ಎಳೆತವೆಲ್ಲ ಬಿಲ್ಲೆಯನ್ನು ಹಿಸುಕುವ ಬಲವಾಗುತ್ತದೆ. 20 ಕಿಲೋ ಎತ್ತಿದೆನೆಂದು ಆಳು ತಿಳಿದಿರುತ್ತಾನೆ. ಅವನ ಬಿಲ್ಲೆಯ ಲೆಕ್ಕವೇ ಬೇರೆ. ಮೂಟೆ ಇಲ್ಲದೆ ಸುಮ್ಮನೆ ಬಗ್ಗಿ ನಿಂತರೂ 900ನ್ನು 5ರಿಂದ ಭಾಗಿಸಿದ 180 ಕಿಲೋಗ್ರಾಂ ತೂಕ ಬೀಳುವುದು. ಕಳೆ ಕೀಳುವವಳ ಸೊಂಟ ಏಕೆ ನೋಯುತ್ತದೆಂಬುದಕ್ಕೆ ಬೇರೆ ಉತ್ತರ ಬೇಕೆ?

ಇನ್ನು ಅದೇ ಆಳು ಮೂಟೆಯ ಹತ್ತಿರ ಬಂದು, ಮೊಣಕಾಲು ಮಡಿಸಿ, ಬೆನ್ನನ್ನು ಹೆಚ್ಚು ಬಗ್ಗಿಸದೆ, ಮೂಟೆಯನ್ನು ಎದೆಗೆ ಅವಚಿಕೊಂಡು ಎತ್ತಲಿ. ದೂರಗಳು 25 ಮತ್ತು 40ರಿಂದ 10 ಮತ್ತು 20ಕ್ಕೆ ಇಳಿದುವೆಂದುಕೊಳ್ಳೋಣ. ಆಗ 360 ಮತ್ತು 400 ಕೂಡಿ 760. ಸ್ನಾಯುವಿನ ಬಲ 152. ನೆಟ್ಟಗಿರುವ ಬೆನ್ನಿನ ಮೇಲೆ ದೇಹದ ಮತ್ತು ಮೂಟೆಯ ತೂಕ ನೇರವಾಗಿ ಬೀಳುವುದರಿಂದ 56ನ್ನು ಸೇರಿಸಬೇಕು. ಒಟ್ಟು 208. ಮೂಟೆ ಅದೇ, ಮನುಷ್ಯ ಅವನೇ. ಹಿಸುಕುವ ಬಲ ಮಾತ್ರ ಸುಮಾರು ಐದರಲ್ಲಿ ಮೂರು ಪಾಲಾಯಿತು.

ಇದು ಕಾಗದದ ಮೇಲಿನ ಲೆಕ್ಕವೆಂದು ಶಂಕಿಸುವವರಿಗೆ ಅಳತೆಗಳೂ ಇವೆ. ಬದುಕಿರುವ ಮನುಷ್ಯರ ಬಿಲ್ಲೆಯೊಳಕ್ಕೆ ಸೂಜಿಯನ್ನು ಹೊಗಿಸಿ ಒತ್ತಡವನ್ನಳೆಯುವ ಸಾಹಸವನ್ನು ಸ್ವೀಡನ್ನಿನ ನಾಕೆಮ್ಸನ್ 1960ರ ದಶಕದಲ್ಲಿ ಮಾಡಿದನು. ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು ಇನ್ನೂ ಸೂಕ್ಷ್ಮವಾದ ಉಪಕರಣವನ್ನು ಆರೋಗ್ಯವಂತನಾದ ಒಬ್ಬ ಸ್ವಯಂಸೇವಕನಲ್ಲಿ ಅಳವಡಿಸಿ 1999ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬೋರಲಾಗಿ ಮಲಗಿದಾಗ 0.1 ಮೆಗಾಪಾಸ್ಕಲ್, ಅಂದರೆ ಸುಮಾರು ಒಂದು ವಾಯುಮಂಡಲದ ಒತ್ತಡ, ನಿಂತಾಗ 0.5, ಕುಳಿತು ಪೂರ್ತಿ ಮುಂದಕ್ಕೆ ಬಾಗಿದಾಗ 0.83, ನಿಂತು ಬಗ್ಗಿದಾಗ 1.1, ಬೆನ್ನು ಬಗ್ಗಿಸಿ 20 ಕಿಲೋ ಎತ್ತಿದಾಗ 2.3; ಮೊಣಕಾಲು ಮಡಿಸಿ ಎತ್ತಿದಾಗ 1.7, ಅದೇ ತೂಕವನ್ನು ಮೈಗೆ ಅವಚಿ ಹಿಡಿದಾಗ 1.1. ನಮ್ಮ 340 ಕಿಲೋಗ್ರಾಮನ್ನು 18 ಚದರ ಸೆಂಟಿಮೀಟರ್ ವಿಸ್ತೀರ್ಣದ ಬಿಲ್ಲೆಯ ಮೇಲೆ ಹರಡಿದರೆ ಸುಮಾರು 18 ವಾಯುಮಂಡಲಗಳಾಗುತ್ತವೆ. ಅಳತೆ ಹೇಳಿದ್ದು 23. ಇಷ್ಟು ಸರಳವಾದ ಲೆಕ್ಕಕ್ಕೆ ಇಷ್ಟು ಹೊಂದಿಕೆ ಸಾಕೆಂದು ನಮ್ಮ ಅಭಿಪ್ರಾಯ. ಮೊಣಕಾಲು ಮಡಿಸಿದರೆ ಸಾಲದು, ಭಾರವು ಮೈಗೆ ಹತ್ತಿರವಿರಬೇಕೆಂಬುದನ್ನೂ ಈ ಅಂಕಿಗಳಿಂದ ವಿದ್ಯಾರ್ಥಿಗಳು ಗ್ರಹಿಸಬೇಕು.

ತಲೆಯ ಮೇಲಿನ ಹೊರೆಯ ವಿಷಯವನ್ನು ಇಲ್ಲಿಯೇ ಹೇಳಿಬಿಡಬಹುದು. ಸೊಪ್ಪಿನ ಹೊರೆ ತಲೆಯ ಮೇಲಿದ್ದಾಗ ಅದರ ತೂಕವು ಬೆನ್ನುಮೂಳೆಯ ನೇರದಲ್ಲಿಯೇ ಇಳಿಯುತ್ತದೆ. ಮುಂದಿನ ದೂರವು ಹೆಚ್ಚುಕಡಮೆ ಸೊನ್ನೆ. 20 ಕಿಲೋ ಹೊರೆಗೆ ಬಿಲ್ಲೆಯ ಮೇಲೆ ಬೀಳುವುದು 20 ಕಿಲೋವೇ. (ಕುತ್ತಿಗೆಯ ಬಿಲ್ಲೆಗಳ ದೂರು ಬೇರೆ ಇದೆ.) ಅಪಾಯವಿರುವುದು ಹೊರುವುದರಲ್ಲಲ್ಲ, ನೆಲದಿಂದ ಎತ್ತಿಕೊಳ್ಳುವುದರಲ್ಲಿ. ಹೊರೆ ಎತ್ತಿಕೊಡಲು ಇನ್ನೊಬ್ಬರನ್ನು ಕರೆಯುವ ವಾಡಿಕೆಯೂ, ಎರಡು ನಿಲುಗಲ್ಲುಗಳ ಮೇಲೆ ಒಂದು ಅಡ್ಡಗಲ್ಲನ್ನಿಟ್ಟು ಹಳೆಯ ದಾರಿಗಳ ಬದಿಯಲ್ಲಿ ಕಟ್ಟಿದ್ದ ಹೊರೆ ಇಳಿಸುವ ಕಲ್ಲುಗಳೂ ಈ ಸೂಕ್ಷ್ಮವನ್ನು ಬಲ್ಲವರು ಮಾಡಿದ ಏರ್ಪಾಡುಗಳು.

ಬಿಲ್ಲೆಗೆ ರಕ್ತನಾಳಗಳ ಪೋಷಣೆ ಬಹು ಅಲ್ಪ. ಹಗಲು ಒತ್ತಡಕ್ಕೆ ನೀರು ಹೊರಕ್ಕೆ ಹಿಂಡಿಹೋಗುತ್ತದೆ. ರಾತ್ರಿ ಮಲಗಿದಾಗ ಅಭಿಸರಣದಿಂದ ಮತ್ತೆ ಒಳಕ್ಕೆ ಬರುತ್ತದೆ. ಮೇಲೆ ಹೇಳಿದ ಸ್ವಯಂಸೇವಕನು ಏಳು ಗಂಟೆ ನಿದ್ರಿಸುವಷ್ಟರಲ್ಲಿ ಒತ್ತಡವು 0.10ರಿಂದ 0.24 ಮೆಗಾಪಾಸ್ಕಲಿಗೆ ಏರಿತ್ತು. ಇದನ್ನು ವಾಚಕರು ಮನೆಯಲ್ಲಿಯೇ ಪರೀಕ್ಷಿಸಬಹುದು. ಹಾಸಿಗೆಯಿಂದ ಎದ್ದೊಡನೆ ಗೋಡೆಗೆ ಒರಗಿ ನಿಂತು, ತಲೆಯ ಮೇಲೆ ಪುಸ್ತಕವನ್ನಿರಿಸಿ, ಎತ್ತರವನ್ನು ಗುರುತಿಸಿರಿ. ರಾತ್ರಿ ಮಲಗುವ ಮುನ್ನ ಮತ್ತೆ ಗುರುತಿಸಿರಿ. ಒಂದರಿಂದ ಎರಡು ಸೆಂಟಿಮೀಟರಿನವರೆಗೆ ಕುಗ್ಗಿರುವುದು ಕಾಣುವುದು. ಬೆಳಗ್ಗೆ ನೀರಿನಿಂದ ಬಿಗಿದ ಬಿಲ್ಲೆಯು ಬಗ್ಗುವುದನ್ನು ಸುಲಭವಾಗಿ ತಾಳದು. ನೋವುಳ್ಳವರು ಎದ್ದ ಮೊದಲ ಗಂಟೆಯಲ್ಲಿ ಬಗ್ಗಿ ಭಾರ ಎತ್ತಬಾರದೆನ್ನುವುದು ಇದಕ್ಕಾಗಿಯೇ.

ಇಷ್ಟಾದರೂ ನೋವೆಲ್ಲವೂ ಸನ್ನೆಕೋಲಿನಿಂದಲೇ ಎಂದು ತಿಳಿಯಬಾರದು. ಎತ್ತುವ ಕ್ರಮವನ್ನು ಬಾಯಲ್ಲಿ ಬೋಧಿಸಿದ ಮಾತ್ರಕ್ಕೆ ಕಾರ್ಮಿಕರ ಸೊಂಟನೋವು ಕಡಮೆಯಾಗಲಿಲ್ಲವೆಂದು ಹಲವು ಪರೀಕ್ಷೆಗಳು ತೋರಿಸಿವೆ. ಬೆನ್ನುನೋವೇ ಇಲ್ಲದ 98 ಜನರನ್ನು ಎಂಆರ್‌ಐ ಯಂತ್ರದಲ್ಲಿ ನೋಡಿದಾಗ, ಅವರಲ್ಲಿ ಶೇಕಡ 52 ಜನರಿಗೆ ಯಾವುದಾದರೊಂದು ಬಿಲ್ಲೆ ಉಬ್ಬಿತ್ತೆಂದು 1994ರಲ್ಲಿ ಅಮೆರಿಕದಲ್ಲಿ ವರದಿಯಾಯಿತು. ಚಿತ್ರದಲ್ಲಿ ಉಬ್ಬು ಕಂಡಿತೆಂದು ಎದೆಗೆಡುವುದಕ್ಕೆ ಕಾರಣವಿಲ್ಲ.

ವೈದ್ಯರು ರೋಗಿಯನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಿಸದೆ ಕಾಲನ್ನು ಮೇಲೆತ್ತಿ ನೋಡುತ್ತಾರೆ. ಕಾಲು ಏರಿದಂತೆ ಸಯಾಟಿಕ್ ನರವು ಬಿಗಿಯುತ್ತದೆ. 30ರಿಂದ 70 ಅಂಶಗಳ ಕೋನದೊಳಗೆ ನೋವು ಮೊಣಕಾಲಿನ ಕೆಳಕ್ಕೆ ಹರಿದರೆ ನರಮೂಲಕ್ಕೆ ತೊಂದರೆಯೆಂದು ಊಹೆ. ತೊಡೆಯ ಹಿಂಭಾಗ ಬರಿಯ ಬಿಗಿತಗೊಂಡರೆ ಅದು ಸ್ನಾಯುವಿನದು.

ಚಿಕಿತ್ಸೆಯಲ್ಲಿ ಮೊದಲು ಬಿಡಬೇಕಾದ್ದು ಹಾಸಿಗೆ. ಹಾಲೆಂಡಿನಲ್ಲಿ 183 ಸಯಾಟಿಕಾ ರೋಗಿಗಳಲ್ಲಿ ಒಂದು ಗುಂಪನ್ನು ಎರಡು ವಾರ ಮಲಗಿಸಿ, ಇನ್ನೊಂದನ್ನು ಓಡಾಡಲು ಬಿಟ್ಟು ನೋಡಿದರು. 12 ವಾರಗಳ ಮೇಲೆ ಎರಡು ಗುಂಪುಗಳಲ್ಲಿಯೂ ಶೇಕಡ 87 ಜನರು ಸುಧಾರಿಸಿದ್ದರು (1999). ಮಲಗಿದ್ದರಿಂದ ಲಾಭವೇನೂ ಆಗಲಿಲ್ಲ. ನೋವು ತೀವ್ರವಾದ ಒಂದೆರಡು ದಿನ ವಿಶ್ರಾಂತಿ, ಬಿಸಿಯ ಕಾವು, ಆಮೇಲೆ ಸಮತಟ್ಟಾದ ಕಡೆ ದಿನಕ್ಕೆ ನಾಲ್ಕೈದು ಸಾರಿ ಸ್ವಲ್ಪ ಸ್ವಲ್ಪ ನಡಿಗೆ, ಇದು ಈಗಿನ ಕ್ರಮ.

ವ್ಯಾಯಾಮಗಳಲ್ಲಿ ಒಂದರ ಕಥೆ ಸ್ವಾರಸ್ಯವಾದುದು. 1956ರಲ್ಲಿ ನ್ಯೂಜಿಲೆಂಡಿನ ಭೌತಚಿಕಿತ್ಸಕ ರಾಬಿನ್ ಮೆಕೆಂಜಿಯ ಬಳಿ ಬಂದಿದ್ದ ರೋಗಿಯೊಬ್ಬನು, ಬೇರೊಬ್ಬರಿಗಾಗಿ ತಲೆಯ ಕಡೆ ಎತ್ತರಿಸಿಟ್ಟಿದ್ದ ಮಂಚದ ಮೇಲೆ ತಿಳಿಯದೆ ಬೋರಲು ಮಲಗಿಬಿಟ್ಟನು. ಬೆನ್ನು ಹಿಂದಕ್ಕೆ ಬಾಗಿದ ಆ ಭಂಗಿ ಅಪಾಯವೆಂದು ಆಗ ಎಲ್ಲರ ನಂಬಿಕೆ. ಕೆಲವು ನಿಮಿಷಗಳ ಮೇಲೆ ನೋಡಿದರೆ ಕಾಲಿನ ನೋವೇ ಮಾಯವಾಗಿತ್ತು. ಕಾಲಿನ ನೋವು ಹಿಂಜರಿದು ಸೊಂಟದ ನಡುವಿಗೆ ಬಂದು ನಿಲ್ಲುವುದು ಒಳ್ಳೆಯ ಲಕ್ಷಣ, ಪಾದದ ಕಡೆ ಇಳಿಯುವುದು ಕೆಟ್ಟ ಲಕ್ಷಣವೆಂಬ ಸೂತ್ರವನ್ನು ಮೆಕೆಂಜಿಯು ಮುಂದೆ ಬೆಳೆಸಿದನು. ಬೋರಲು ಮಲಗಿ, ಮೊದಲು ಮೊಣಕೈಗಳ ಮೇಲೆ, ನಂತರ ಅಂಗೈಗಳ ಮೇಲೆ, ಸೊಂಟವನ್ನು ಸಡಿಲ ಬಿಟ್ಟು ಎದೆಯನ್ನೆತ್ತುವುದು ಈ ವ್ಯಾಯಾಮ. ಭುಜಂಗಾಸನ ಬಲ್ಲವರಿಗೆ ಹೊಸದೇನೂ ಅಲ್ಲ. ಆದರೆ ಎಲ್ಲರಿಗೂ ಇದು ಒಗ್ಗುವುದಿಲ್ಲ. ವಯಸ್ಸಾದವರಲ್ಲಿ ನರದ ನಾಳವೇ ಕಿರಿದಾಗಿ ನೋವು ಬರುವುದುಂಟು; ಅವರಿಗೆ ನಡೆದರೆ ನೋವು, ಮುಂದಕ್ಕೆ ಬಾಗಿ ಕುಳಿತರೆ ಹಾಯಿ. ಯಾರಿಗೆ ಯಾವ ವ್ಯಾಯಾಮವೆಂಬುದನ್ನು ಭೌತಚಿಕಿತ್ಸಕನು ಪರೀಕ್ಷಿಸಿ ಹೇಳಬೇಕು. ನೆರೆಮನೆಯವನು ಹೇಳಬಾರದು.

ತೂಕ ಕಟ್ಟಿ ಸೊಂಟವನ್ನು ಎಳೆಯುವ ‘ಟ್ರಾಕ್ಷನ್’ ಚಿಕಿತ್ಸೆಯನ್ನು ನಮ್ಮ ಜನ ಬಹಳ ನಂಬುತ್ತಾರೆ. ಭೌತಶಾಸ್ತ್ರ ಏನೆನ್ನುತ್ತದೆ? ಸೊಂಟದ ಕೆಳಗಿನ ದೇಹ 30 ಕಿಲೋ, ಹಾಸಿಗೆಯ ಘರ್ಷಣಾಂಕ 0.5 ಎಂದಿಟ್ಟುಕೊಂಡರೆ, ಮೊದಲ 15 ಕಿಲೋ ಎಳೆತವು ಘರ್ಷಣೆಯನ್ನು ಗೆಲ್ಲುವುದರಲ್ಲಿಯೇ ಮುಗಿದುಹೋಗುತ್ತದೆ. ಐದಾರು ಕಿಲೋ ತೂಗುಹಾಕಿದರೆ ರೋಗಿ ಮಂಚದ ಮೇಲೆ ಇರುವನೆಂಬುದಷ್ಟೇ ಫಲ! ಘರ್ಷಣೆಯನ್ನು ತಪ್ಪಿಸಲು ಇಬ್ಭಾಗವಾಗಿ ಜಾರುವ ಮಂಚಗಳಿವೆ; ಅವನ್ನು ಬಳಸಿದ ಪರೀಕ್ಷೆಗಳೂ ಹೇಳಿಕೊಳ್ಳುವಂತಹ ಲಾಭವನ್ನು ತೋರಿಸಿಲ್ಲ.

ಶಸ್ತ್ರಚಿಕಿತ್ಸೆ ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಆರರಿಂದ ಹನ್ನೆರಡು ವಾರ ತೀವ್ರ ನೋವನ್ನು ಅನುಭವಿಸಿದ 283 ಜನರ ಪರೀಕ್ಷೆಯಲ್ಲಿ (ಹಾಲೆಂಡ್, 2007) ಬೇಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ನೋವು ಬೇಗ ಹೋಯಿತು. ಒಂದು ವರ್ಷದ ಕೊನೆಗೆ ಎರಡು ಗುಂಪುಗಳೂ ಸಮನಾದುವು. ಕಾದ ಗುಂಪಿನಲ್ಲಿ ಶೇಕಡ 39 ಜನ ಕೊನೆಗೆ ಶಸ್ತ್ರಚಿಕಿತ್ಸೆಗೆ ಒಳಗಾದರೆಂಬುದನ್ನೂ ಮರೆಯಬಾರದು. ಹೊರಬಂದ ತಿರುಳನ್ನು ದೇಹದ ಕಣಗಳೇ ತಿಂಗಳುಗಳಲ್ಲಿ ಕರಗಿಸಿಬಿಡುವುದು ಸಾಮಾನ್ಯ.

ಕಾಯಬಾರದ ಸಂದರ್ಭಗಳು ಬೇರೆ. ಮೂತ್ರ ಕಟ್ಟಿಕೊಂಡರೆ ಅಥವಾ ಹಿಡಿತ ತಪ್ಪಿದರೆ, ತೊಡೆಗಳ ಸಂದಿಯ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದೆ ಜೋತುಬಿದ್ದರೆ, ಎರಡು ಕಾಲುಗಳೂ ಸೋತರೆ, ಅದೇ ದಿನ, ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಉಳುಕು ತೆಗೆಯುವವರ ಬಳಿಗಲ್ಲ. ಬೆನ್ನುನೋವಿನೊಡನೆ ಸಂಜೆಯ ಜ್ವರ, ತೂಕ ಇಳಿಯುವುದು ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ನಮ್ಮ ದೇಶದಲ್ಲಿ ಶಂಕಿಸಲೇಬೇಕು.

ಗುಣವಾದವನು ಮರಳುವುದು ಅದೇ ಮೂಟೆಗೆ, ಅದೇ ಲೇತಿಗೆ. ಅಲ್ಲಿ ಮಾಡಬಹುದಾದ್ದು ಅಷ್ಟೇನೂ ದುಬಾರಿಯಲ್ಲ. ಮೂಟೆಯನ್ನು ನೆಲಕ್ಕೆ ಹಾಕದೆ ತೊಡೆಯೆತ್ತರದ ಜಗಲಿಯ ಮೇಲೆ ಇಳಿಸಿದರೆ ಅತಿ ಕೆಟ್ಟದಾದ ಮೊದಲ ಬಗ್ಗಾಟವೇ ತಪ್ಪುತ್ತದೆ. ಒಂದು ದೊಡ್ಡ ಮೂಟೆಯನ್ನು ಎರಡು ಮಾಡಬಹುದು. ಲೇತಿನ ಮೇಜನ್ನು ಒಂದು ಗೇಣು ಎತ್ತರಿಸಿ, ಪೀಠಕ್ಕೆ ಸೊಂಟದ ಮಟ್ಟದಲ್ಲಿ ಒಂದು ಒರಗು ಹಲಗೆ ಕೂರಿಸಬಹುದು. ಮರ ಕಡೆಯುವವರ ಊರಿನಲ್ಲಿ ಅದಕ್ಕೆ ಕುಶಲಿಯನ್ನು ಹೊರಗಿನಿಂದ ಕರೆತರಬೇಕಾಗಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು, ಸೊಂಟದ ಮೇಲೆ ಕೈಗಳನ್ನಿಟ್ಟು, ಐದಾರು ಸಾರಿ ಹಿಂದಕ್ಕೆ ಬಾಗಿ ಕುಳಿತರೆ ಹೋಗುವುದು ಒಂದು ನಿಮಿಷ.