ನಳಂದ: ಅಕ್ಷರದ ಹಿಂದಿನ ಅನ್ನ



ಬಿಹಾರ ರಾಜ್ಯದಲ್ಲಿ ನಳಂದ ಎಂಬ ಊರಿದೆ. ಅಲ್ಲಿ ದೊಡ್ಡದೊಂದು ಪಾಳುಬಿದ್ದ ಮಠ ಇದೆ. ಅದು ಬೌದ್ಧ ಭಿಕ್ಷುಗಳ ಮಠ. ಸುಮಾರು 700 ವರ್ಷ ಅಲ್ಲಿ ಪಾಠ ನಡೆಯಿತು. ಚೀನಾ, ಕೊರಿಯಾ ದೇಶಗಳಿಂದಲೂ ಜನ ಕಲಿಯಲು ಬಂದರು.

ಬನ್ನಿ, ಒಳಗೆ ಹೋಗಿ ನೋಡೋಣ.

ಮಠದ ಕಟ್ಟಡಗಳು ಇಟ್ಟಿಗೆಯವು. ನಮ್ಮ ಕಡೆಯ ತೊಟ್ಟಿಮನೆ ನೋಡಿದ್ದೀರಲ್ಲ? ಹೆಚ್ಚುಕಡಿಮೆ ಹಾಗೇ. ನಡುವೆ ಅಂಗಳ. ಸುತ್ತ ಪಡಸಾಲೆ. ಅದರ ಹಿಂದೆ ಸಾಲು ಸಾಲು ಚಿಕ್ಕ ಕೋಣೆಗಳು. ಕುಡಿಯಲು ಬಾವಿ. ನೀರು ಹರಿದುಹೋಗಲು ಚರಂಡಿ. ಒಂದು ಕಟ್ಟಡವನ್ನಂತೂ ಹಳೆಯದರ ಮೇಲೆ ಮತ್ತೆ ಮತ್ತೆ ಕಟ್ಟಿದ್ದಾರೆ. ಅಲ್ಲಿ 9 ಹಂತಗಳ ಗುರುತು ಸಿಕ್ಕಿದೆ.

ಎದುರಿಗೆ ಗುಡಿಗಳ ಸಾಲು. ದೊಡ್ಡ ಗುಡಿಗೆ ಎತ್ತರದ ಮೆಟ್ಟಿಲುಗಳಿವೆ. ಅದರ ಗೋಡೆಯ ಗೂಡುಗಳಲ್ಲಿ ಗಾರೆಯ ಬುದ್ಧಮೂರ್ತಿಗಳು. ಇನ್ನೊಂದು ಗುಡಿಯ ಬುಡದಲ್ಲಿ 211 ಕೆತ್ತನೆಯ ಕಲ್ಲುಗಳು. ಅದರಲ್ಲಿ ದೇವರಷ್ಟೇ ಇಲ್ಲ. ವಾದ್ಯ ನುಡಿಸುವ ಕಿನ್ನರರು, ಜೋಡಿಯಾಗಿ ನಿಂತ ಗಂಡುಹೆಣ್ಣು, ಬಿಲ್ಲು ಹಿಡಿದವರು ಎಲ್ಲಾ ಇದ್ದಾರೆ. ತಾರಾದೇವಿಯ ಮೂರ್ತಿಗಳೂ ನಳಂದದಲ್ಲಿ ಸಿಕ್ಕಿವೆ.

ಇಷ್ಟು ಜನರಿಗೆ ಊಟ ಹಾಕಿದವರು ಯಾರು? 7ನೇ ಶತಮಾನದಲ್ಲಿ ಚೀನಾದ ಹ್ಯುಯೆನ್ ತ್ಸಾಂಗ್ ಇಲ್ಲಿ ಓದಿದ. 100 ಹಳ್ಳಿಗಳ ಆದಾಯ ಮಠಕ್ಕೆ ಬರುತ್ತಿತ್ತು, 200 ಮನೆಯವರು ದಿನವೂ ಅಕ್ಕಿ, ಹಾಲು, ಬೆಣ್ಣೆ ಕೊಡುತ್ತಿದ್ದರು ಎಂದು ಅವನ ಜೀವನಕಥೆ ಹೇಳುತ್ತದೆ. ಆ ಮನೆಯವರ ಹೆಸರು ಮಾತ್ರ ಅದರಲ್ಲಿ ಇಲ್ಲ. ನಾಟಿ ಮಾಡಿದ ಕೈ, ಹಾಲು ಕರೆದ ಕೈ ಯಾರದೋ! ಆ ಕೈಗಳಿಲ್ಲದೆ ಪಾಠ ನಡೆಯುತ್ತಿತ್ತೇ? ಯೋಚಿಸಿ.

1200ರ ಸುಮಾರಿಗೆ ದಾಳಿಗಳಾದವು. ಮಠ ಹಾಳಾಯಿತು, ಮಣ್ಣು ಮುಚ್ಚಿತು. 1915ರಲ್ಲಿ ಅಗೆಯಲು ಶುರುಮಾಡಿದರು. ಆಗ ಸುಟ್ಟು ಕರಕಲಾದ ಅಕ್ಕಿಯೂ ಸಿಕ್ಕಿತು. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಅದನ್ನು ಇಟ್ಟಿದ್ದಾರೆ. 2016ರಲ್ಲಿ ನಳಂದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ನಮ್ಮೂರ ಹಳೇ ಗುಡಿ, ವೀರಗಲ್ಲುಗಳೂ ಹೀಗೇ ಕಥೆ ಹೇಳುತ್ತವೆ. ಅವುಗಳ ಮೇಲೆ ಸುಣ್ಣ ಬಳಿಯುವುದು ಬೇಡ. ಹೆಸರು ಗೀಚುವುದೂ ಬೇಡ. ನಮ್ಮ ಹೆಸರನ್ನು ಪುಸ್ತಕದಲ್ಲಿ ಬರೆಯೋಣ. ಈಗ ನಮಗೆ ಬರೆಯಲು ಬರುತ್ತದಲ್ಲ!

ಹೊಸ ಪದಗಳು
ಭಿಕ್ಷು – ಬೌದ್ಧ ಸನ್ಯಾಸಿ
ಗಾರೆ – ಸುಣ್ಣ, ಮರಳು ಕಲಸಿದ ಮಿಶ್ರಣ
ಪರಂಪರೆ – ಹಿರಿಯರಿಂದ ಬಂದದ್ದು

ಮಾತಾಡೋಣ, ಬರೆಯೋಣ
1. ಮಠಕ್ಕೆ ಅಕ್ಕಿ, ಹಾಲು ಎಲ್ಲಿಂದ ಬರುತ್ತಿತ್ತು?
2. ನಿಮ್ಮೂರಲ್ಲಿ ಕೆತ್ತನೆಯ ಕಲ್ಲು ಇದೆಯೇ? ಅದರಲ್ಲಿ ಏನೇನಿದೆ? ನೋಡಿ ಬಂದು 4 ಸಾಲು ಬರೆಯಿರಿ.